ಒಂದು ಸಲಕ್ಕೆ ಒಂದೇ ಸೈಡು: ಕಾಕಾನ ಕ್ಯಾಸೆಟ್ಟುಗಳನ್ನು ಹಂಚಿಕೊಂಡ ನನ್ನ ಅನುಭವ

ಕಳೆದ ಶನಿವಾರ ಹಿಂದುಸ್ತಾನಿ ಸಂಗೀತ ಕೇಳುವ ನಮ್ಮ ವಾಟ್ಸಾಪ್ ಗುಂಪಿಗೆ 31ನೆಯ ಸೈಡು, ಅಂದರೆ ಹಳೆ ಕ್ಯಾಸೆಟ್ಟಿನ ಒಂದು ಮಗ್ಗುಲಿನ ಹಾಡಿಕೆ, ಹೋಯಿತು. 27 ಜನರಲ್ಲಿ 22 ಮಂದಿ ಕೇಳಿ, ಅನ್ನಿಸಿದ್ದನ್ನು ಬರೆದು ಕಳಿಸಿದರು. "ಇದು ನಾಕು ತಿಂಗಳು ನಡೀತಂದ್ರ ನನ್ನ ಕಿವಿ ಕೊಯ್ದು ಕೊಡ್ತೀನಿ" ಎಂದಿದ್ದ ಹಿರಿಯರು ಆ 22ರಲ್ಲಿ ಒಬ್ಬರು. ಕಿವಿ ಅವರ ಹತ್ತಿರವೇ ಇರಲಿ ಎಂದೆ. ಗುಂಪಿನಲ್ಲೇ ಒಳ್ಳೆಯ ಕಿವಿ ಅವರದು.

ಕ್ಯಾಸೆಟ್ಟುಗಳು ನನ್ನ ಕಾಕಾನವು. ಧಾರವಾಡ, ಹುಬ್ಬಳ್ಳಿ ಮನೆಗಳ ಬೈಠಕ್ಕು, ಕುಂದಗೋಳದ ನಾಡಗೀರ ವಾಡೆಯಲ್ಲಿ ಗಾಯಕ ಸವಾಯಿ ಗಂಧರ್ವರ ಹೆಸರಿನಲ್ಲಿ ನಡೆಯುವ ಅಹೋರಾತ್ರಿ ಸಂಗೀತ, ಎಲ್ಲಿ ಹಾಡಿಕೆ ಇದ್ದರೂ ಒಂದು ರೆಕಾರ್ಡರು ಬಗಲಲ್ಲಿ ಹಿಡಿದು ಮುಂದಿನ ಸಾಲಿನಲ್ಲಿ ಕೂತಿರುತ್ತಿದ್ದ. ಎಪ್ಪತ್ತರ ದಶಕದ ಕೊನೆಯಿಂದ 95ರ ತನಕದ ಸುಮಾರು 180 ಕ್ಯಾಸೆಟ್ಟು, ಒಂದು ತಗಡಿನ ಟ್ರಂಕು. ಅರ್ಧದಷ್ಟು ಲೇಬಲ್ಲು ಹುಳ ತಿಂದಿತ್ತು. ಉಳಿದದ್ದು ಕಾಕಾನ ಅಕ್ಷರ, ಅದಕ್ಕಿಂತ ಹುಳವೇ ವಾಸಿ.

ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸುವುದು ನಿಮಗೆಲ್ಲ ಗೊತ್ತಿರುವುದೇ, ಅದನ್ನು ವಿವರಿಸುವುದಿಲ್ಲ. ಖರ್ಚು ಮಾತ್ರ ಹೇಳುತ್ತೇನೆ. ಕ್ಯಾಸೆಟ್ಟು ಓಡಿಸುವ ಹಳೆ ಡೆಕ್ಕಿಗೆ ನಾಲ್ಕೂವರೆ ಸಾವಿರ, ಬೆಲ್ಟು ಮತ್ತು ಟೇಪನ್ನು ಒತ್ತಿ ಎಳೆಯುವ ಪಿಂಚ್ ರೋಲರಿಗೆ ಒಂದು ಸಾವಿರದ ಹತ್ತಿರ, ಸದ್ದನ್ನು ಕಂಪ್ಯೂಟರಿಗೆ ಮುಟ್ಟಿಸುವ ಸೌಂಡ್ ಇಂಟರ್‌ಫೇಸಿಗೆ ಎಂಟೋ ಒಂಬತ್ತೋ ಸಾವಿರ. ಆಮೇಲೆ ಎರಡನೆಯ ಡೆಕ್ಕು. ಅದು ನನ್ನ ದಡ್ಡತನದ ದಂಡ. ಧಾರವಾಡದ ಮಳೆ ಗೊತ್ತಲ್ಲ, ಟೇಪಿನ ಅಂಚಿಗೆಲ್ಲ ಬಿಳಿ ಬೂಸು ಕೂತಿತ್ತು. ಒರೆಸದೆ ಹಾಗೆಯೇ ಹಾಕಿದೆ. ಟೇಪನ್ನು ಓದುವ ಹೆಡ್ಡು, ರೋಲರು ಎಲ್ಲಕ್ಕೂ ಬೂಸು ಮೆತ್ತಿತು, ಅಲ್ಲಿಂದ ನಂತರ ಹಾಕಿದ ಒಳ್ಳೆಯ ಕ್ಯಾಸೆಟ್ಟುಗಳಿಗೂ ಹತ್ತಿತು. ಹಾಗಾಗಿ ಮೂರು ಸಾವಿರಕ್ಕೆ ಇನ್ನೊಂದು ಡೆಕ್ಕು ತಂದೆ. ಈಗ ಬೂಸಿನವು ಅದರಲ್ಲಿ, ಚೊಕ್ಕ ಇರುವವು ಇದರಲ್ಲಿ. ಬೂಸನ್ನು ಏನು ಹಚ್ಚಿ ತೆಗೆಯುತ್ತೇನೆ ಎಂದು ಬಹಳ ಜನ ಕೇಳಿದ್ದಾರೆ. ಅದು ಸದ್ಯ ನನ್ನ ಹತ್ತಿರವೇ ಇರಲಿ. ಸ್ಪಿರಿಟ್ಟು ಒಂದೇ ಅಲ್ಲ ಎಂದಷ್ಟೇ ಹೇಳಬಲ್ಲೆ.

ಸ್ಕ್ರೂ ಇಲ್ಲದ ಅಂಟಿಸಿದ ಕ್ಯಾಸೆಟ್ಟುಗಳನ್ನು ಬ್ಲೇಡಿನಿಂದ ಸೀಳಿ, ಟೇಪಿನ ಚಕ್ರಗಳನ್ನು ಸ್ಕ್ರೂ ಇರುವ ಖಾಲಿ ಕ್ಯಾಸೆಟ್ಟಿಗೆ ವರ್ಗಾಯಿಸಿದೆ. ಟೇಪಿನ ಹಿಂದಿನ ಉಣ್ಣೆಯ ಪ್ಯಾಡು ಬಿದ್ದುಹೋದವೇ ಇಪ್ಪತ್ತಿದ್ದವು. ಪ್ಯಾಡು ಕೊಟ್ಟದ್ದು ನಮ್ಮ ಮನೆಯ ಭಜನೆ ಕ್ಯಾಸೆಟ್ಟುಗಳು. ಅವ್ವನಿಗೆ ಇನ್ನೂ ಹೇಳಿಲ್ಲ.

ಇಳಿಸುವುದಕ್ಕೆ ಎರಡು ವರ್ಷ ಹಿಡಿಯಿತು. ನನ್ನ ಪೇಚಾಟ ಶುರುವಾದದ್ದು ಹಂಚುವುದಕ್ಕೆ ನಿಂತಾಗ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ನಲವತ್ತು ಪೆನ್‌ಡ್ರೈವು ತಂದು, ಇದ್ದದ್ದನ್ನೆಲ್ಲ ತುಂಬಿ, ಗೊತ್ತಿದ್ದ ರಸಿಕರಿಗೆಲ್ಲ ಕೊಟ್ಟೆ. ಒಂದಕ್ಕೆ ನಾನೂರರ ಮೇಲೆ, ಒಟ್ಟು ಹದಿನೇಳು ಸಾವಿರ ಇರಬೇಕು. ಕೊರಿಯರ್ ಬೇರೆ. ಆರು ತಿಂಗಳು ಬಿಟ್ಟು ಕೇಳಿದೆ, ಯಾವುದು ಕೇಳಿದಿರಿ ಅಂತ. "ಎಲ್ಲಾ ಅದಾವ್ರೀ, ಕೇಳೋಣಂತ ಜ್ವಾಪಾನ ಇಟ್ಟೀನಿ." ತೆರೆದು ನೋಡಿದವರು ಮೂರೋ ನಾಲ್ಕೋ ಜನ. ಒಬ್ಬರಂತೂ ಅದನ್ನು ಅಳಿಸಿ ಮಗಳ ಲಗ್ನದ ಫೋಟೋ ತುಂಬಿಸಿಕೊಂಡಿದ್ದರು. 200 ತಾಸಿನ ಸಂಗೀತ ಒಮ್ಮೆಲೇ ಕೈಗೆ ಬಂದರೆ ಯಾರೂ ಕೇಳುವುದಿಲ್ಲ, ಬೀಗ ಹಾಕಿ ಇಡುತ್ತಾರೆ.

ಎರಡನೆಯದು ಮನೆಯಲ್ಲೇ ಕೇಳುವ ಬೈಠಕ್ಕು. ಹದಿನೈದು ಜನ ಬಂದರು, ಅವಲಕ್ಕಿ ಚಹಾ ಎಲ್ಲ ಸೇರಿ ಒಂದೊಂದು ಸಲಕ್ಕೆ ಒಂದೂವರೆ ಸಾವಿರ. ಖರ್ಚಿಗೆ ನನ್ನ ತಕರಾರಿಲ್ಲ. ಆದರೆ ಹಿರಿಯರೊಬ್ಬರು ತಾಳದ ಎರಡನೆಯ ಸುತ್ತಿಗೇ "ಆಹಾ, ಮನ್ಸೂರರು!" ಎಂದರೆ ಮುಗಿಯಿತು, ಉಳಿದ ಹದಿನಾಲ್ಕು ಜನರಿಗೂ ಅದು ಮಲ್ಲಿಕಾರ್ಜುನ ಮನ್ಸೂರರೇ. ಒಬ್ಬ ಹುಡುಗಿ ಹೋಗುವಾಗ ಬಾಗಿಲ ಹತ್ತಿರ ನಿಂತು, "ಸರ್, ಅದು ಅವರಲ್ಲ ಅನ್ನಿಸ್ತು, ಸರಗಮ್ ಭಾಳ ಇತ್ತು" ಎಂದಳು. ಸರಿಯಾಗಿಯೇ ಹೇಳಿದ್ದಳು. ಮನ್ಸೂರರ ಘರಾಣೆಯಾದ ಜಯಪುರ-ಅತ್ರೌಲಿಯವರು 'ಆ' ಎನ್ನುವ ಆಕಾರದಲ್ಲೇ ತಾನು (ಸ್ವರಗಳ ವೇಗದ ಓಟ) ಹೆಣೆಯುತ್ತಾರೆ, ಸ್ವರಗಳ ಹೆಸರು ಹಿಡಿದು ಹಾಡುವ ಸರಗಮ್ಮಿನ ಸುರಿಮಳೆ ಅವರ ರೂಢಿಯಲ್ಲ. ಅಷ್ಟು ಜನರ ಎದುರಿಗೆ ಹೇಳುವ ಧೈರ್ಯ ಅವಳಿಗೆ ಇರಲಿಲ್ಲ, ಅಷ್ಟೆ.

ಮೂರನೆಯದು ಕ್ಲೌಡಿನಲ್ಲಿಟ್ಟು ಲಿಂಕು ಕೊಟ್ಟದ್ದು. ಒಂದು ತಿಂಗಳೊಳಗೆ ಯಾರೋ ಪುಣ್ಯಾತ್ಮರು ಎರಡು ಬೈಠಕ್ಕುಗಳನ್ನು ತಮ್ಮದೇ ಸಂಗ್ರಹವೆಂದು ವಿಡಿಯೋ ಮಾಡಿ, ಜಾಹೀರಾತು ಸಮೇತ ಹಾಕಿದರು. ಬೈಠಕ್ಕು ನಡೆದ ಮನೆಯವರು ಫೋನು ಮಾಡಿದರು. ಅವರ ಮಾತು ಇಲ್ಲಿ ಬರೆಯುವಂಥದ್ದಲ್ಲ. ಅಂದಿನಿಂದ ಮಾರಾಟಕ್ಕೆ ಬಂದ ಕ್ಯಾಸೆಟ್ಟು ಯಾವುದನ್ನೂ ಹಂಚುವುದಿಲ್ಲ, ಮನೆ ಬೈಠಕ್ಕಾದರೆ ಆ ಮನೆಯವರನ್ನು, ಗಾಯಕರು ಯಾರೆಂದು ಗೊತ್ತಿದ್ದರೆ ಅವರ ಕುಟುಂಬವನ್ನೂ ಕೇಳದೆ ಹಂಚುವುದಿಲ್ಲ. ಜೊತೆಗೆ ಈಗ ಒಬ್ಬೊಬ್ಬರಿಗೆ ಹೋಗುವ ಪ್ರತಿಯಲ್ಲೂ ಒಂದು ಬೇರೆ ಗುರುತು ಇರುತ್ತದೆ. ಎಲ್ಲಿ, ಹೇಗೆ ಎಂದು ಕೇಳಬೇಡಿ.

ಆಮೇಲೆ ಹೊಳೆದದ್ದು ಈಗಿನ ಪದ್ಧತಿ. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಒಂದೇ ಸೈಡು, ಹೆಚ್ಚೆಂದರೆ 45 ನಿಮಿಷ. ಹಾಡಿದವರ ಹೆಸರಿಲ್ಲ, ರಾಗವಿಲ್ಲ, ವರ್ಷವಿಲ್ಲ. ಮುಂದಿನ ಗುರುವಾರದೊಳಗೆ ಮೂರು ಸಾಲು ಬರೆದು ನನಗೊಬ್ಬನಿಗೇ ಕಳಿಸಬೇಕು, ಗುಂಪಿನಲ್ಲಿ ಹಾಕುವಂತಿಲ್ಲ. ಬರೆದವರಿಗೆ ಮಾತ್ರ ಮುಂದಿನ ಸೈಡು. ಶುಕ್ರವಾರ ಎಲ್ಲರ ಸಾಲುಗಳನ್ನೂ ಹೆಸರಿಲ್ಲದೆ ಒಟ್ಟಿಗೆ ಹಾಕುತ್ತೇನೆ, ಚರ್ಚೆ ಅಲ್ಲಿಂದ ಶುರು. ಕಾಕಾನ ಲೇಬಲ್ಲಿನ ಫೋಟೋ ಬರುವುದು ಎಲ್ಲಕ್ಕಿಂತ ಕೊನೆಗೆ.

"ಸಂಗೀತಕ್ಕ ಪರೀಕ್ಷಾ ಇಡ್ತಿಯೇನಲೇ?" ಎಂದು ಬೈದರು. 46 ಜನರಿದ್ದವರು ಮೂರನೆಯ ಸೈಡಿಗೆ 11ಕ್ಕೆ ಇಳಿದರು. ಆ ದೀಪಾವಳಿಗೆ ಬಿಟ್ಟುಬಿಡೋಣ ಎಂದೇ ಇದ್ದೆ. ನಾಲ್ಕನೆಯದಕ್ಕೆ ಇಬ್ಬರು ತಾವಾಗಿಯೇ ಕೇಳಿಕೊಂಡು ಬಂದರು. ಆರನೆಯದರ ಹೊತ್ತಿಗೆ ಹೊರಗೆ ಹೋದವರಿಗೆ ಒಳಗಿನ ಜಗಳದ ಸುದ್ದಿ ಮುಟ್ಟಿ ತಡೆಯಲಾಗಲಿಲ್ಲ. ಬರೆಯಲು ಬೇಸರವೆಂದವರಿಗೆ ವಾಯ್ಸ್ ಮೆಸೇಜಿಗೆ ಒಪ್ಪಿಗೆ ಕೊಟ್ಟೆ. ಅದರಿಂದ ಇನ್ನೊಂದು ಲಾಭವಾಯಿತು, ಕೆಲವರು ಹೇಳಲಾಗದ ಜಾಗವನ್ನು ಹಾಡಿಯೇ ತೋರಿಸುತ್ತಾರೆ. ಸೈಡನ್ನು ಮಾತ್ರ ವಾಟ್ಸಾಪಿನಲ್ಲಿ ಡಾಕ್ಯುಮೆಂಟಾಗಿಯೇ ಕಳಿಸಿ. ಅವಸರದಲ್ಲಿ ಒಮ್ಮೆ ವಾಯ್ಸ್ ನೋಟಾಗಿ ಹೋಯಿತು, ತಂಬೂರಿ ಸೊಳ್ಳೆಯಾಗಿತ್ತು.

ತಂಬೂರಿ ಎಂದಾಗ ನೆನಪಾಯಿತು. ಟೇಪಿನ 'ಸ್ಸ್' ಎನ್ನುವ ಹಿಸ್ ಸದ್ದು ತೆಗೆಯಲು ಸಾಫ್ಟ್‌ವೇರಿಗೆ ಗಾಯಕರು ಉಸಿರು ತೆಗೆದುಕೊಳ್ಳುವ ಮೊದಲ ಮೂರು ಸೆಕೆಂಡನ್ನು ಇದೇ ಗದ್ದಲ ನೋಡು ಎಂದು ತೋರಿಸಿದೆ. ಆ ಮೂರು ಸೆಕೆಂಡಿನಲ್ಲಿ ತಂಬೂರಿ ಮೀಟುತ್ತಲೇ ಇತ್ತು ಎನ್ನುವುದು ನನ್ನ ತಲೆಗೆ ಹೋಗಲಿಲ್ಲ. ಅದಕ್ಕೇನು ಗೊತ್ತು, ಒಂದೇ ಸಮ ಬರುವ ಸದ್ದೆಲ್ಲ ಗದ್ದಲವೇ. 45 ನಿಮಿಷದುದ್ದಕ್ಕೂ ತಂಬೂರಿಯನ್ನೂ ಅದರ ತಂತಿಯ ಝೇಂಕಾರವಾದ ಜವಾರಿಯನ್ನೂ ಗುಡಿಸಿ ಹಾಕಿತು. ಬಾವಿಯ ತಳದಲ್ಲಿ ಕೂತು ಒಬ್ಬರೇ ಹಾಡಿದ ಹಾಗೆ ಕೇಳುತ್ತಿತ್ತು. ಹಾಗೆ ಕೆಡಿಸಿದ ಫೈಲು ಹತ್ತೋ ಹನ್ನೆರಡೋ. ಮೂಲ ಪ್ರತಿ ಇಟ್ಟುಕೊಂಡಿದ್ದಕ್ಕೆ ಬದುಕಿದೆ. ಈಗ ಹಿಸ್ ತೆಗೆಯುವುದೇ ಇಲ್ಲ, ಹೆಡ್ಡಿನ ಸ್ಕ್ರೂ ತಿರುಗಿಸಿ ಅಝಿಮತ್, ಅಂದರೆ ಟೇಪಿಗೆ ಹೆಡ್ಡು ನಿಂತ ಕೋನ, ಸರಿ ಮಾಡುತ್ತೇನೆ. ಹತ್ತು ನಿಮಿಷದಲ್ಲಿ ಕಿವಿ ಹಿಸ್ಸನ್ನು ಮರೆಯುತ್ತದೆ.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ವೇಗದ ವಿಷಯದಲ್ಲಿ. ಕಾಕಾನ ರೆಕಾರ್ಡರು ಕರೆಂಟಿನ ಮೇಲೆ ಓಡಿದಾಗ ಟೇಪಿನಲ್ಲಿ ಸಣ್ಣಗೆ ಕರೆಂಟಿನ ಗುಂಯ್‌ಗುಡುವಿಕೆ ಕೂತಿರುತ್ತದೆ. ನಮ್ಮ ದೇಶದಲ್ಲಿ ಕರೆಂಟು 50 ಹರ್ಟ್ಸ್. ಅಳೆದು ನೋಡಿದರೆ ಒಂದು ಟೇಪಿನಲ್ಲಿ 48.6ರ ಹತ್ತಿರ ಬಂತು. ಟೇಪು ನಿಧಾನ ಓಡಿದೆ ಎಂದು ಅದನ್ನೂ ಅಂಥವನ್ನೂ 50ಕ್ಕೆ ಎಳೆದು, ಮಹಾ ವಿಜ್ಞಾನಿಯ ಹಾಗೆ ಬೀಗುತ್ತ ಎಂಟು ಸೈಡು ಹಂಚಿದೆ. ಪೇಟಿ (ಹಾರ್ಮೋನಿಯಂ) ಬಾರಿಸುವ ಗೆಳೆಯರೊಬ್ಬರು ಬರೆದರು: "ನಿಮ್ಮ ಸಾ ನನ್ನ ಪೇಟಿಯ ಎರಡು ಮನೀ ನಡುವ ಕೂತದ. ಗಾಯಕರು ಸಂದಿನ್ಯಾಗ ಹಾಡ್ಯಾರೇನು?" ನಾನು ಒಪ್ಪಲಿಲ್ಲ. ಗುಂಪಿನಲ್ಲಿ ಸಬ್‌ಸ್ಟೇಷನ್ನಿನಲ್ಲಿ ದುಡಿದು ನಿವೃತ್ತರಾದವರೊಬ್ಬರು ಇದ್ದಾರೆ. ಅವರು ನಕ್ಕರು. "ತೊಂಬತ್ತರಾಗ ನಮ್ಮ ದಕ್ಷಿಣದ ಗ್ರಿಡ್ಡಿಗೆ ಐವತ್ತು ಎಲ್ಲಿ ಸಿಗ್ತಿತ್ತರೀ? ಲೋಡ್ ಹೆಚ್ಚಾಗಿ ನಾಲ್ವತ್ತೊಂಬತ್ತರ ಕೆಳಗ ಎಷ್ಟೋ ಸಲ ಇರತಿತ್ತು." ಅಂದರೆ ಟೇಪು ಸರಿಯಾಗಿಯೇ ಓಡಿತ್ತು, ಕರೆಂಟೇ ನಿಧಾನವಿತ್ತು. ಸರಿ ಇದ್ದದ್ದನ್ನು ಶೇಕಡಾ ಮೂರರಷ್ಟು ಮೇಲೆ ಎಳೆದು ಅರ್ಧ ಮನೆ ಏರಿಸಿದ್ದೆ. ಎಂಟೂ ಸೈಡು ವಾಪಸು ಇಳಿಸಿದೆ, ಸಾ ಬಂದು ಕರಿ ಒಂದರ, ಅಂದರೆ ಪೇಟಿಯ ಮೊದಲ ಕರಿ ಮನೆಯ, ಮೇಲೆ ಕೂತಿತು. ಪೆನ್‌ಡ್ರೈವು ಕೊಟ್ಟ ಕಾಲದಲ್ಲಾಗಿದ್ದರೆ ಈ ತಪ್ಪು ನಲವತ್ತು ಮನೆಯ ಕಪಾಟಿನಲ್ಲಿ ಶಾಶ್ವತವಾಗಿ ಕೂತಿರುತ್ತಿತ್ತು.

ಬ್ಯಾಟರಿ ಮೇಲೆ ಓಡಿದ ಟೇಪುಗಳ ಕಥೆ ಬೇರೆ. ಸೆಲ್ಲು ಸಾಯುತ್ತ ಬಂದಂತೆ ರೆಕಾರ್ಡರು ನಿಧಾನವಾಗುತ್ತದೆ, ಈಗ ಹಾಕಿದರೆ ಶ್ರುತಿ ಏರುತ್ತ ಹೋಗುತ್ತದೆ. ಶುರುವಿನ ನಿಧಾನದ ಬಡಾ ಖಯಾಲಿನಲ್ಲಿ ಕರಿ ಒಂದರಲ್ಲಿದ್ದವರು ಕೊನೆಯ ವೇಗದ ತರಾನಾಕ್ಕೆ ಬರುವಷ್ಟರಲ್ಲಿ ಬಿಳಿ ಎರಡು ದಾಟಿರುತ್ತಾರೆ. ಐದೈದು ನಿಮಿಷಕ್ಕೆ ತಂಬೂರಿಯ ಸಾ ಅಳೆದು, ತುಸು ತುಸುವಾಗಿ ಇಳಿಸಬೇಕು. ಒಂದು ಸೈಡಿಗೆ ಒಂದು ದಿನ ಹೋಗುತ್ತದೆ.

ಪದ್ಧತಿ ಗೆದ್ದಿತು ಎಂದು ನನಗೆ ಖಾತ್ರಿಯಾದದ್ದು 19ನೆಯ ಸೈಡಿನಲ್ಲಿ. ಕಾಕಾ ಬರೆದದ್ದು 'ಮಾಲಕಂಸ, ಮನ್ಸೂರ' ಎಂದು, ಮುಂದೆ ಕೆಂಪು ಶಾಯಿಯ ಪ್ರಶ್ನೆ ಚಿಹ್ನೆ. ಮಾಲಕಂಸ ರಾಗದಲ್ಲಿ ರಿಷಭ, ಪಂಚಮ ಎರಡೂ ಇಲ್ಲ. ಶುಕ್ರವಾರ ಸಾಲುಗಳನ್ನು ಜೋಡಿಸುವಾಗ ನಕ್ಕು ಸಾಕಾಯಿತು. ಒಬ್ಬರು ಮಾಲಕಂಸವೇ, ನಡುವೆ ಗಾಯಕರು ಜಾರಿದ್ದಾರೆ ಎಂದರು. ಇನ್ನೊಬ್ಬರು ಪಂಚಮ ಕೇಳಿಸುತ್ತದೆ, ಟೇಪಿನ ಹಿಂದಿನ ಸುತ್ತಿನಿಂದ ಅಂಟಿಕೊಂಡ ಸದ್ದಿರಬೇಕು ಎಂದರು. ಒಂಬತ್ತು ಜನ ರಾಗದ ಸುದ್ದಿಗೇ ಹೋಗಿರಲಿಲ್ಲ. ಆ ದಿನ ಬಾಗಿಲಲ್ಲಿ ನಿಂತು ಪಿಸುಗುಟ್ಟಿದ್ದ ಹುಡುಗಿ ಬರೆದದ್ದು ಒಂದೇ ಸಾಲು: "ಜಾರಿಲ್ಲ, ರಿಷಭ ಮತ್ತು ಪಂಚಮ ಎರಡೂ ಬೇಕೆಂದೇ ಹಚ್ಚಿದ್ದಾರೆ, 14ನೆಯ ನಿಮಿಷಕ್ಕೂ 31ಕ್ಕೂ ಅದೇ ಜಾಗ, ಇದು ಸಂಪೂರ್ಣ ಮಾಲಕಂಸ." ಜಯಪುರದವರ ಮನೆಯ ರಾಗ, ಮನ್ಸೂರರೂ ಹಾಡುತ್ತಿದ್ದದ್ದು. ಹೆಸರಿಲ್ಲದೆ ಹಾಕಿದ್ದರಿಂದ ಆ ಸಾಲು ಯಾರದೆಂದು ಯಾರಿಗೂ ಗೊತ್ತಿರಲಿಲ್ಲ. ಕಿವಿ ಕೊಯ್ದು ಕೊಡುತ್ತೇನೆಂದ ಹಿರಿಯರು ಅದನ್ನು ಓದಿ, ಮತ್ತೆ ಎರಡು ಸಲ ಕೇಳಿ, "ಇದನ್ನ ಬರದವರ ಕಾಲು ಮುಗೀಬೇಕು" ಎಂದು ಗುಂಪಿನಲ್ಲೇ ಹಾಕಿದರು. ಹೆಸರು ಗೊತ್ತಾದ ಮೇಲೆ ಅವರಿಗೆ ಒಂದು ವಾರ ಮಾತಿರಲಿಲ್ಲ.

ರಾಗ ತೀರ್ಮಾನವಾಯಿತು. ಗಾಯಕರು ಯಾರು ಎನ್ನುವುದು ಇನ್ನೂ ಆಗಿಲ್ಲ. ಆಕಾರದ ತಾನು, ಮಧ್ಯಲಯಕ್ಕೆ ಹತ್ತಿರದ ತೀನತಾಲ, ಹಾಡಿನ ಎರಡನೆಯ ಭಾಗವಾದ ಅಂತರಾ ಪೂರ್ತಿ ಹಾಡುವ ಶಿಸ್ತು ಎಲ್ಲ ಜಯಪುರದ್ದೇ, ಆದರೆ 1992ರಲ್ಲಿ ತೀರಿಕೊಂಡ ಮನ್ಸೂರರ ಇಳಿವಯಸ್ಸಿನ ದನಿ ಇದಲ್ಲ ಎಂದು ಹದಿಮೂರು ಜನ, ಹೌದು ಎಂದು ಆರು ಜನ. ತಾಳದ ಮೊದಲ ಪೆಟ್ಟಾದ ಸಮ್ಮಿಗೆ ಬಂದಾಗ ಸಭೆಯಲ್ಲಿ ಒಬ್ಬರು ಕೆಮ್ಮುತ್ತಾರೆ, ಆ ಕೆಮ್ಮು ಮಾತ್ರ ಕಾಕಾನದು, ಅದರಲ್ಲಿ ನನಗೆ ಅನುಮಾನವಿಲ್ಲ. ಅದೇ ಕ್ಯಾಸೆಟ್ಟಿನ ಎರಡನೆಯ ಸೈಡು ಬೂಸಿನ ಡೆಕ್ಕಿನಲ್ಲಿದೆ, ನಾಲ್ಕನೆಯ ಶನಿವಾರ ಹೋಗುತ್ತದೆ.