ಟ್ಯೂಷನ್ನಾ, ಆಲೆಮನೆನಾ?

ಮಂಡ್ಯದಲ್ಲಿ ಹನ್ನೊಂದು ವರ್ಷದಿಂದ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಮಾಡುತ್ತಿದ್ದೇನೆ. ‘ಜ್ಯೂಸಿ’, ‘ಸಕ್ಯುಲೆಂಟ್’, ‘ಸಕ್ಯುಲೆನ್ಸ್’ ಕಾಡಿದಷ್ಟು ಬೇರೆ ಪದ ನನ್ನನ್ನು ಕಾಡಿಲ್ಲ. ‘ರಸಭರಿತ’ ಅಂತ ಬೋರ್ಡಿಗೆ ಬರೆದರೆ ಗಿಳಿಪಾಠ ಒಪ್ಪಿಸುತ್ತಿದ್ದರು. ವಾಕ್ಯ ಮಾಡಿ ಅಂದರೆ ‘ಐ ಡ್ರಿಂಕ್ ಸಕ್ಯುಲೆನ್ಸ್’!

ಮೊದಲು ಬಣ್ಣದ ಕಾರ್ಡ್ ಮಾಡಿಸಿದೆ. ಸುಮಾರು 1,800 ರೂಪಾಯಿ ಸುಮ್ನೆ ಹೋಯಿತು. ಕಾರ್ಡಿನಲ್ಲಿದ್ದ ಸ್ಟ್ರಾಬೆರಿಯನ್ನು ಅರ್ಧ ಮಕ್ಕಳು ತಿಂದೇ ಇರಲಿಲ್ಲ. ಆಮೇಲೆ ಕಿತ್ತಳೆ ತಂದೆ. ‘ಜ್ಯೂಸಿ ಅಂದ್ರೆ ಹುಳಿನಾ ಸಾ?’ ಅಂದರು.

ಕಬ್ಬು ತರುತ್ತೇನೆ ಅಂದಾಗ ಜೊತೆಯ ಮೇಷ್ಟ್ರುಗಳು ನಕ್ಕರು. ‘ಟ್ಯೂಷನ್ನಾ, ಆಲೆಮನೆನಾ?’ ನಾನು ಬಿಡಲಿಲ್ಲ. ಅವತ್ತೇ ಕಡಿದ ಜಲ್ಲೆ ಒಂದು, ಬಿಸಿಲಲ್ಲಿ ಬಿದ್ದು ಬೆಂಡಾದದ್ದು ಇನ್ನೊಂದು. ಹಸಿ ಕಬ್ಬು ಕಚ್ಚಿದವನಿಗೆ ರಸ ಮೊಣಕೈವರೆಗೂ ಇಳಿದು ನೋಟ್‌ಬುಕ್ಕೆಲ್ಲ ಅಂಟಂಟು. ‘ಜ್ಯೂಸಿ ಕಣ್ ಸಾ!’ ಬೆಂಡು ಜಗಿದವಳು ಸಿಪ್ಪೆ ಉಗಿದು ‘ನೋ ಜ್ಯೂಸಿ’ ಅಂದಳು. ‘ನಾಟ್ ಜ್ಯೂಸಿ’ ಅಂತ ಅಲ್ಲೇ ತಿದ್ದಿದೆ. ಕುಡಿಯೋದು ಜ್ಯೂಸ್, ಕಬ್ಬು ಜ್ಯೂಸಿ, ಆ ಗುಣದ ಹೆಸರು ಜ್ಯೂಸಿನೆಸ್.

‘ಸಕ್ಯುಲೆಂಟ್’ಗೆ, ಆ ಗುಣದ ಹೆಸರಾದ ‘ಸಕ್ಯುಲೆನ್ಸ್’ಗೆ ಕಬ್ಬು ಸಾಲದು. ಸಕ್ಯುಲೆಂಟ್ ಸ್ವಲ್ಪ ಠೀವಿಯ ಪದ, ಹೊಗಳೋಕೆ ಬಳಸೋದು, ಹಣ್ಣಿಗಿಂತ ಮಾಂಸಕ್ಕೆ ಇನ್ನೂ ಚೆನ್ನಾಗಿ ಕೂರುತ್ತದೆ. ‘ದಿ ಸಕ್ಯುಲೆನ್ಸ್ ಆಫ್ ಬನ್ನೂರು ಮಟನ್’ ಅಂತ ಬರೆದೆ ನೋಡಿ, ಹಿಂದಿನ ಬೆಂಚೂ ನೆಟ್ಟಗೆ ಕೂತಿತು. ಸಕ್ಯುಲೆನ್ಸ್‌ಗೆ ಬಹುವಚನದ ಎಸ್ ಹಚ್ಚಬೇಡಿ ಅಂತ ಹೇಳೋಕೂ ಅದೇ ಸಮಯ.

ಒಂದು ದಿನ ನಂಜನಗೂಡು ರಸಬಾಳೆ ತಂದೆ. ಹೆಸರಲ್ಲೇ ರಸ ಇದೆ, ಹಿಂಡಿದರೆ ತೊಟ್ಟೂ ಬೀಳಲ್ಲ. ಬಾಳೆಹಣ್ಣನ್ನು ಇಂಗ್ಲಿಷಿನವರು ಜ್ಯೂಸಿ ಅನ್ನಲ್ಲ. ನಮ್ಮ ‘ರಸ’ದಲ್ಲಿ ರುಚಿಯೂ ಸೇರಿದೆ ಅಲ್ವಾ, ಅಲ್ಲೇ ಮಕ್ಕಳು ಎಡವೋದು. ಊರಿನ ರಸವತ್ತಾದ ಸುದ್ದಿ ಮಾತ್ರ ‘ಜ್ಯೂಸಿ ಗಾಸಿಪ್’ ಆಗುತ್ತದೆ. ‘ಸಕ್ಯುಲೆಂಟ್ ಗಾಸಿಪ್’ ಅಂದರೆ ನಗುತ್ತಾರೆ.

ಲೋಳೆಸರದ ಪ್ರಯೋಗ ಕೆಟ್ಟಿತು. ಎಲೆಯಲ್ಲಿ ನೀರು ಕೂಡಿಡುವ ಗಿಡಕ್ಕೂ ಸಕ್ಯುಲೆಂಟ್ ಅಂತಾರೆ ಅಂದೆ. ಒಬ್ಬ ನೆಕ್ಕಿಯೇಬಿಟ್ಟ. ಕಹಿಗೆ ಮುಖ ಕಿವುಚಿದ. ಅವನಮ್ಮ ಸಂಜೆ ನಮ್ಮ ಮನೆಗೇ ಬಂದರು.

ಇರಲಿ. ಕಬ್ಬಿಗೆ ಆದ ಖರ್ಚು 100–120 ರೂಪಾಯಿ. ಎರಡು ತಿಂಗಳಾದ ಮೇಲೆ ಹೇಳದೆ ಕೇಳದೆ ಟೆಸ್ಟ್ ಕೊಟ್ಟೆ. 22 ಮಕ್ಕಳಲ್ಲಿ 18 ಜನವೋ 19 ಜನವೋ ಸರಿಯಾಗಿ ಬರೆದರು. ನಕ್ಕಿದ್ದ ಮೇಷ್ಟ್ರೊಬ್ಬರು ಮೊನ್ನೆ ಫೋನ್ ಮಾಡಿ ಕಬ್ಬು ಎಲ್ಲಿ ತಂದ್ರಿ ಅಂತ ಕೇಳಿದರು. ಗದ್ದೆ ಯಾವುದು ಅಂತ ಹೇಳಿದೆ. ಕ್ಲಾಸಿನ ಕೊನೆಯ ಹತ್ತು ನಿಮಿಷ ನಾನು ಆಡಿಸೋ ಆಟ ಮಾತ್ರ ಹೇಳಲಿಲ್ಲ.