ಪೇಪರ್ ಒಪ್ಪಿಗೆಯಾಯಿತು, ಶುಲ್ಕ ಕಟ್ಟುವವರು ಯಾರು?

‘ನಿಮ್ಮ ಲೇಖನವನ್ನು ಪ್ರಕಟಣೆಗೆ ಸ್ವೀಕರಿಸಲಾಗಿದೆ’ ಎಂಬ ಇಮೇಲ್ ತಂದ ಸಂಭ್ರಮ ಹೆಚ್ಚು ಹೊತ್ತು ಉಳಿಯುವುದಿಲ್ಲ. ಜರ್ನಲ್ ಓಪನ್ ಆಕ್ಸೆಸ್ ಆಗಿದ್ದರೆ ಬೆನ್ನಿಗೇ ಡಾಲರ್ ಇಲ್ಲವೇ ಯೂರೊ ಲೆಕ್ಕದಲ್ಲಿ ಬಿಲ್ ಬರುತ್ತದೆ. ಓದುಗರಿಗೆ ಲೇಖನ ಪುಕ್ಕಟೆ, ಖರ್ಚು ಬರೆದವರ ಕಡೆಯದು ಎಂಬುದು ಇಲ್ಲಿನ ಲೆಕ್ಕಾಚಾರ. ಈ ಬಿಲ್ಲಿಗೆ ಎಪಿಸಿ ಅಥವಾ ಪ್ರಕಟಣಾ ಶುಲ್ಕ ಎನ್ನುತ್ತಾರೆ. ‘ನೇಚರ್’ ಪತ್ರಿಕೆ 2020ರಲ್ಲಿ ಘೋಷಿಸಿದ ದರ 9,500 ಯೂರೊ. ಅದು ತುತ್ತತುದಿಯ ಮಾತಾಯಿತು, ನಿಜ. ಆದರೆ ಅಷ್ಟೇನೂ ಹೆಸರು ಮಾಡದ ಅಂತರರಾಷ್ಟ್ರೀಯ ಜರ್ನಲ್‌ಗಳೂ ಒಂದೆರಡು ಸಾವಿರ ಡಾಲರ್ ಕೇಳುವುದು ಮಾಮೂಲು. ಫೆಲೋಶಿಪ್ ಹಣದಲ್ಲಿ ಬಾಡಿಗೆ, ಊಟ ತೂಗಿಸುವ ಸಂಶೋಧನಾ ವಿದ್ಯಾರ್ಥಿಯ ಕೈಗೆ ಎಟಕುವ ಮೊತ್ತ ಇದಲ್ಲ.

ಇದನ್ನು ಭರಿಸಲು ದಾರಿಗಳಿವೆ. ಬಹುಪಾಲು ದಾರಿಗಳು ತೆರೆದಿರುವುದು ಲೇಖನ ಕಳುಹಿಸುವ ಮೊದಲು ಕೇಳಿದವರಿಗೆ. ಬಿಲ್ ಕೈಗೆ ಬಂದ ಮೇಲೆ ಓಡಾಡುವವರಿಗೆ ಸಿಗುವುದು ಅನುಕಂಪ ಮಾತ್ರ.

ಜರ್ನಲ್ ಆರಿಸುವಾಗಲೇ ಶುಲ್ಕ ನೋಡಿ

ಜರ್ನಲ್‌ನ ಜಾಲತಾಣದಲ್ಲಿ ಲೇಖಕರಿಗೆ ಮೀಸಲಾದ ಪುಟ ತೆರೆದು ಶುಲ್ಕದ ಸಾಲನ್ನು ಹುಡುಕಿ. ಪ್ರತಿ ಲೇಖನಕ್ಕೂ ಹಣ ಕೇಳುವ ಪೂರ್ಣ ಓಪನ್ ಆಕ್ಸೆಸ್ ಜರ್ನಲ್‌ಗಳನ್ನು ‘ಗೋಲ್ಡ್’ ಎನ್ನುತ್ತಾರೆ. ಲೇಖಕರಿಂದಲೂ ಓದುಗರಿಂದಲೂ ಏನನ್ನೂ ಪಡೆಯದವು ‘ಡೈಮಂಡ್’. ಇವೆರಡರ ನಡುವೆ ‘ಹೈಬ್ರಿಡ್’ ಇದೆ. ಅದು ಮೂಲತಃ ಚಂದಾ ಪತ್ರಿಕೆ. ಹಣ ಕೊಟ್ಟರೆ ನಿಮ್ಮೊಂದು ಲೇಖನವನ್ನು ಮಾತ್ರ ಎಲ್ಲರಿಗೂ ತೆರೆದಿಡುತ್ತದೆ.

ಜನ ಎಡವುವುದು ಈ ಹೈಬ್ರಿಡ್‌ನಲ್ಲಿಯೇ. ಲೇಖನ ಒಪ್ಪಿಗೆಯಾದ ಮೇಲೆ ಪರದೆಯಲ್ಲಿ ಒಂದು ನಮೂನೆ ಮೂಡುತ್ತದೆ: ಓಪನ್ ಆಕ್ಸೆಸ್ ಬೇಕೋ, ಚಂದಾ ಮಾದರಿ ಸಾಕೋ? ಎರಡನೆಯದನ್ನು ಆರಿಸಿದರೆ ಸಾಮಾನ್ಯವಾಗಿ ಈ ಶುಲ್ಕವೇ ಇಲ್ಲ. ಅವಸರದಲ್ಲಿ ಮೊದಲನೆಯದನ್ನು ಒತ್ತಿ, ಪರವಾನಗಿ ಒಪ್ಪಂದಕ್ಕೂ ಸಹಿ ಹಾಕಿದರೆ ಬಿಲ್ ಸಿದ್ಧ. ಗ್ರಂಥಾಲಯ ಅದೇ ಪತ್ರಿಕೆಗೆ ಈಗಾಗಲೇ ಚಂದಾ ಕಟ್ಟುತ್ತಿರುವುದರಿಂದ ಹೈಬ್ರಿಡ್ ಶುಲ್ಕಕ್ಕೆ ಹಣ ಕೊಡಲು ಅನೇಕ ನಿಧಿಗಳು ಒಪ್ಪುವುದಿಲ್ಲ. ಒಂದೇ ಸರಕಿಗೆ ಎರಡು ಸಲ ಏಕೆ ಕೊಡಬೇಕು ಎಂಬ ಅವರ ವಾದ ನನಗಂತೂ ಸರಿಯೆನಿಸುತ್ತದೆ.

ಸಂಪರ್ಕ ಲೇಖಕರು ಯಾರೆಂದು ಮೊದಲೇ ತೀರ್ಮಾನಿಸಿ

ಕರೆಸ್ಪಾಂಡಿಂಗ್ ಆಥರ್ ಅಂದರೆ ಸಂಪರ್ಕ ಲೇಖಕರು. ಅವರು ಯಾವ ಸಂಸ್ಥೆಯವರೋ ಆ ಸಂಸ್ಥೆಗೆ ಪ್ರಕಾಶಕರ ಜೊತೆಗಿರುವ ಒಪ್ಪಂದ ಮತ್ತು ರಿಯಾಯಿತಿಗಳು ಲೇಖನಕ್ಕೆ ಅನ್ವಯಿಸುತ್ತವೆ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣದ ಮೇಲೆ ಇಬ್ಬರು ಸೇರಿ ಬರೆದಿದ್ದಾರೆ ಎಂದುಕೊಳ್ಳಿ. ಒಬ್ಬರು ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು, ಇನ್ನೊಬ್ಬರು ಹಾವೇರಿಯ ಖಾಸಗಿ ಕಾಲೇಜಿನವರು. ಸಂಪರ್ಕ ಲೇಖಕರ ಹೆಸರು ಅದಲುಬದಲಾದರೆ ಸಿಗುವ ನೆರವೂ ಬದಲಾಗುತ್ತದೆ. ಹಣಕ್ಕಾಗಿ ಶ್ರೇಯಸ್ಸನ್ನು ಬದಲಿಸಿ ಎಂದು ಹೇಳುತ್ತಿಲ್ಲ. ಇಬ್ಬರೂ ಸಮಾನವಾಗಿ ದುಡಿದಿದ್ದರೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಲೇಖನ ಸಲ್ಲಿಸುವಾಗ ಖಾಸಗಿ ಜಿಮೇಲ್ ಬಿಟ್ಟು ಸಂಸ್ಥೆಯ ಇಮೇಲ್ ವಿಳಾಸವನ್ನೇ ಕೊಡಿ. ಸಂಸ್ಥೆಯ ಹೆಸರನ್ನು ನಾಲ್ಕು ಬಗೆಯಲ್ಲಿ ಬರೆಯದೆ, ಪ್ರಕಾಶಕರ ಪಟ್ಟಿಯಲ್ಲಿರುವಂತೆಯೇ ಆರಿಸಿ. ಅಲ್ಲಿ ರಿಯಾಯಿತಿ ಗುರುತಿಸುವುದು ಗಣಕಯಂತ್ರ. ನಮ್ಮ ವಿಶ್ವವಿದ್ಯಾಲಯದ ಹ್ರಸ್ವರೂಪ ಅದಕ್ಕೆ ತಿಳಿಯುವುದಿಲ್ಲ.

ಗ್ರಂಥಾಲಯದ ಮೆಟ್ಟಿಲು ಹತ್ತಿ

ಪಾವಟೆನಗರದ ಕರ್ನಾಟಕ ವಿಶ್ವವಿದ್ಯಾಲಯವಿರಲಿ, ಐಐಟಿ ಧಾರವಾಡವಿರಲಿ, ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಗಳಿರಲಿ, ಮೊದಲು ಕಾಣಬೇಕಾದವರು ಗ್ರಂಥಪಾಲಕರು. ಪುಸ್ತಕ ಹಿಂದಿರುಗಿಸಲು ಮಾತ್ರ ಗ್ರಂಥಾಲಯಕ್ಕೆ ಹೋಗುವ ಸಂಶೋಧಕರೇ ನಮ್ಮಲ್ಲಿ ಹೆಚ್ಚು. ಪ್ರಕಾಶಕರ ಜೊತೆಗಿನ ಒಪ್ಪಂದಗಳ ಮಾಹಿತಿ ಸಿಗುವುದು ಅಲ್ಲೇ.

ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು ಒಪ್ಪಿಗೆ ನೀಡಿದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಯ ಬಗ್ಗೆ ಮೊದಲು ಕೇಳಿ. ಜರ್ನಲ್‌ಗಳನ್ನು ಓದಲು ಸಂಸ್ಥೆಗಳ ಪರವಾಗಿ ಕೇಂದ್ರವೇ ಒಟ್ಟಿಗೆ ಚಂದಾ ಕಟ್ಟುವ ಯೋಜನೆ ಇದು. 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣ ಸಂಸ್ಥೆಗಳು ಹಾಗೂ ಕೇಂದ್ರದ ಸಂಶೋಧನಾ ಸಂಸ್ಥೆಗಳು ಇದರ ವ್ಯಾಪ್ತಿಗೆ ಬರುತ್ತವೆ. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಬೆಸೆಯುವ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಇದನ್ನು ನಿರ್ವಹಿಸುತ್ತದೆ. ಓದುವ ಸೌಲಭ್ಯವೇ ದೊಡ್ಡ ಸುದ್ದಿಯಾಗಿದ್ದರಿಂದ ಇನ್ನೊಂದು ಅಂಶ ಮರೆಗೆ ಸರಿಯಿತು: ಆಯ್ದ ಗುಣಮಟ್ಟದ ಓಪನ್ ಆಕ್ಸೆಸ್ ಜರ್ನಲ್‌ಗಳಲ್ಲಿ ಪ್ರಕಟಿಸುವ ಲೇಖಕರಿಗೆ ವರ್ಷಕ್ಕೆ 150 ಕೋಟಿ ರೂಪಾಯಿಯ ನೆರವು ಕೂಡ ಯೋಜನೆಯಲ್ಲಿ ಸೇರಿದೆ. ನಿಮ್ಮ ಜರ್ನಲ್ ಇದಕ್ಕೆ ಒಳಪಡುತ್ತದೆಯೇ, ಅರ್ಜಿ ಹೇಗೆ ಎಂಬುದನ್ನು ಯೋಜನೆಗೆ ನಿಮ್ಮ ಸಂಸ್ಥೆ ನೇಮಿಸಿರುವ ನೋಡಲ್ ಅಧಿಕಾರಿಯಿಂದ ಬರವಣಿಗೆಯಲ್ಲೇ ಪಡೆಯಿರಿ.

ಜೊತೆಗೆ ಇನ್ನೂ ಕೇಳಿ: ಸಂಸ್ಥೆಗೆ ಸ್ವಂತ ಪ್ರಕಟಣಾ ನಿಧಿ ಇದೆಯೇ? ಒಬ್ಬರಿಗೆ ವರ್ಷಕ್ಕೆ ಎಷ್ಟು ಮಿತಿ? ಮುಂಗಡವೋ, ಮರುಪಾವತಿಯೋ? ಖಾಸಗಿ ಕಾಲೇಜುಗಳವರಿಗೆ ಈ ಪ್ರಶ್ನೆಗಳೇ ಮುಖ್ಯ. ನಿಧಿ ಇಲ್ಲದಿದ್ದರೂ ಬೋಧಕರ ಸಂಶೋಧನೆಗೆ ಆಡಳಿತ ಮಂಡಳಿ ಇಟ್ಟ ಹಣದಲ್ಲಿ ಒಂದಿಷ್ಟು ಸಿಗಬಹುದು.

ಪ್ರಾಜೆಕ್ಟ್ ಇದ್ದರೆ ಬಜೆಟ್‌ನಲ್ಲೇ ಸೇರಿಸಿ

ಹೊಸ ಪ್ರಾಜೆಕ್ಟಿಗೆ ಅರ್ಜಿ ಹಾಕುವಾಗ ಪ್ರಕಟಣಾ ವೆಚ್ಚಕ್ಕೆ ಪ್ರತ್ಯೇಕ ಸಾಲು ಕೇಳಿ. ಹಳೆಯ ಪ್ರಾಜೆಕ್ಟ್ ಆದರೆ ಮಂಜೂರಾತಿ ಆದೇಶ ತೆರೆದು, ಕಂಟಿಂಜೆನ್ಸಿ (ಇತರೆ ಖರ್ಚಿನ) ಹಣವನ್ನು ಇದಕ್ಕೆ ಬಳಸಬಹುದೇ ಎಂದು ನೋಡಿ. ಎಲ್ಲ ಅನುದಾನ ಸಂಸ್ಥೆಗಳೂ ಒಪ್ಪುವುದಿಲ್ಲ.

ರಿಯಾಯಿತಿ ಕೇಳಲು ಸಂಕೋಚ ಬೇಡ

ಬಡ ದೇಶಗಳ ಲೇಖಕರಿಗೆ ದೊಡ್ಡ ಪ್ರಕಾಶಕರು ತಾವಾಗಿಯೇ ಶುಲ್ಕ ಮನ್ನಾ ಮಾಡುತ್ತಾರೆ. ಆ ಪಟ್ಟಿಗಳಲ್ಲಿ ಭಾರತ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ನಾವೇ ಕೇಳಬೇಕು, ಅದೂ ಲೇಖನ ಸಲ್ಲಿಸುವಾಗಲೇ. ಒಪ್ಪಿಗೆಯಾದ ಮೇಲೆ ಬಂದ ಮನವಿಗಳನ್ನು ಅನೇಕ ಜರ್ನಲ್‌ಗಳು ನೋಡುವುದೇ ಇಲ್ಲ. ಪತ್ರ ಚಿಕ್ಕದಾಗಿರಲಿ: ಈ ಸಂಶೋಧನೆಗೆ ಹೊರಗಿನ ಅನುದಾನ ಇರಲಿಲ್ಲ, ಸಂಸ್ಥೆಯಲ್ಲಿ ನಿಧಿ ಇಲ್ಲ ಅಥವಾ ಇಷ್ಟೇ ಇದೆ, ನಾವು ಕಟ್ಟಬಲ್ಲ ಮೊತ್ತ ಇಂತಿಷ್ಟು. ಗೋಳು ತೋಡಿಕೊಳ್ಳುವುದಕ್ಕಿಂತ ಇಂಥ ನಾಲ್ಕು ಸಾಲಿಗೆ ಬೆಲೆ ಹೆಚ್ಚು.

ಯಾವ ಶುಲ್ಕಕ್ಕೆ ಹಣ ಸಿಗುವುದಿಲ್ಲ?

‘ಮೂರು ದಿನದಲ್ಲಿ ಪ್ರಕಟಣೆ, ಪ್ರಮಾಣಪತ್ರ ಉಚಿತ’ ಎಂದು ವಾಟ್ಸ್‌ಆ್ಯಪ್‌ಗೆ ಬರುವ ಜರ್ನಲ್‌ಗಳಿಗೆ ಯಾವ ಸಂಸ್ಥೆಯೂ ಹಣ ಕೊಡಬಾರದು, ನೀವೂ ಕೊಡಬೇಡಿ. ಯುಜಿಸಿ ಗುಣಮಟ್ಟದ ಜರ್ನಲ್‌ಗಳ ತನ್ನ ‘ಕೇರ್’ ಪಟ್ಟಿಯನ್ನು 2025ರಲ್ಲಿ ನಿಲ್ಲಿಸಿರುವುದರಿಂದ ಜರ್ನಲ್ ಪರೀಕ್ಷಿಸುವ ಹೊಣೆ ಸಂಸ್ಥೆಗಳ ಮೇಲೆ, ಕೊನೆಗೆ ಲೇಖಕರ ಮೇಲೆಯೇ ಬಿದ್ದಿದೆ. ‘ಡೈರೆಕ್ಟರಿ ಆಫ್ ಓಪನ್ ಆಕ್ಸೆಸ್ ಜರ್ನಲ್ಸ್’ ಎಂಬ ಉಚಿತ ಜಾಲತಾಣದಲ್ಲಿ ಹೆಸರಿದೆಯೇ ನೋಡಿ. ಶುಲ್ಕವಿಲ್ಲದ ಜರ್ನಲ್‌ಗಳನ್ನಷ್ಟೇ ಬೇರ್ಪಡಿಸಿ ತೋರಿಸುವ ಸೌಲಭ್ಯವೂ ಅಲ್ಲಿದೆ. ಅದರ ಪಟ್ಟಿಯಲ್ಲಿ ಹೆಚ್ಚಿನವು ಅಂಥವೇ. ಅಂದಹಾಗೆ, ಪಿಎಚ್‌ಡಿ ಪ್ರಬಂಧ ಸಲ್ಲಿಸಲು ಲೇಖನ ಪ್ರಕಟವಾಗಿರಲೇಬೇಕೆಂಬ ನಿಯಮವನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯದ ನಿಯಮ ಓದಿಕೊಳ್ಳದೆ ಗಾಬರಿಯಲ್ಲಿ ದುಡ್ಡು ಸುರಿಯಬೇಡಿ.

ಕಡತ ಓಡಿಸುವ ಬಗೆ

ಮಂಜೂರಾತಿಯ ಕಡತ ನಮ್ಮ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಂತೆ ಪ್ರತ್ಯೇಕ ಪಥದಲ್ಲಿ ಓಡುವುದಿಲ್ಲ. ವಿಭಾಗದ ಮುಖ್ಯಸ್ಥರು, ಕುಲಸಚಿವರು, ಹಣಕಾಸು ಅಧಿಕಾರಿ ಎಂದು ಪ್ರತಿ ಮೇಜಿನ ಮೇಲೂ ನಿಲ್ಲುತ್ತದೆ. ಒಪ್ಪಿಗೆ ಪತ್ರ, ಶುಲ್ಕದ ಪುಟದ ಮುದ್ರಿತ ಪ್ರತಿ, ಗ್ರಂಥಪಾಲಕರ ಟಿಪ್ಪಣಿ, ಬೇರೆಡೆ ನೆರವು ಪಡೆದಿಲ್ಲವೆಂಬ ಘೋಷಣೆ ಇಷ್ಟನ್ನೂ ಒಟ್ಟಿಗೇ ಕೊಟ್ಟರೆ ಆಕ್ಷೇಪಣೆಗಳು ಕಡಿಮೆ. ಇನ್ವಾಯ್ಸ್ ನಿಮ್ಮ ಹೆಸರಿನಲ್ಲಿ ಬೇಡ. ಸಂಸ್ಥೆಯ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ ಇರುವಂತೆ ಮೊದಲೇ ಕೇಳಿಕೊಳ್ಳಿ. ವಿದೇಶಕ್ಕೆ ಹಣ ಕಳುಹಿಸುವಾಗ ತೆರಿಗೆ ಮತ್ತು ಬ್ಯಾಂಕಿನ ಕಾಗದಪತ್ರ ಪ್ರತ್ಯೇಕ. ತೆರಿಗೆ ಮತ್ತು ವಿನಿಮಯ ದರದ ಏರಿಳಿತವನ್ನೂ ಸೇರಿಸಿಯೇ ಮೊತ್ತ ಕೇಳಿ. ಫೆಬ್ರುವರಿಯಲ್ಲಿ ಬಿಲ್ ಬಂದರೆ ಖುದ್ದಾಗಿ ಬೆನ್ನು ಹತ್ತಿ. ಮಾರ್ಚ್ 31 ದಾಟಿದರೆ ಆ ವರ್ಷದ ಹಣ ವಾಪಸಾಗುವ ಅಪಾಯವಿದೆ.

ಎಲ್ಲಿಯೂ ಹಣ ಹೊಂದಿಕೆಯಾಗದಿದ್ದರೆ ‘ಗ್ರೀನ್’ ದಾರಿಯೊಂದಿದೆ. ಚಂದಾ ಪತ್ರಿಕೆಯಲ್ಲಿ ಪ್ರಕಟಿಸಿ, ಒಪ್ಪಿಗೆಯಾದ ಕೊನೆಯ ಹಸ್ತಪ್ರತಿಯನ್ನು ಸಂಸ್ಥೆಯ ಡಿಜಿಟಲ್ ಭಂಡಾರದಲ್ಲಿ ಇಡುವುದು. ಇದಕ್ಕೆ ಶುಲ್ಕವಿಲ್ಲ. ಎಷ್ಟು ತಿಂಗಳು ಕಾಯಬೇಕೆಂದು ಜರ್ನಲ್‌ನ ನೀತಿಯಲ್ಲಿ ಬರೆದಿರುತ್ತದೆ. ಮುದ್ರಣಕ್ಕೆ ಜೋಡಿಸಿದ ಪಿಡಿಎಫ್ ಬದಲು ನೀವು ಕೊನೆಯದಾಗಿ ತಿದ್ದಿ ಕಳುಹಿಸಿದ, ಒಪ್ಪಿಗೆಯಾದ ವರ್ಡ್ ಕಡತವನ್ನೇ ಗ್ರಂಥಪಾಲಕರಿಗೆ ಕೊಡಿ. ಪಿಡಿಎಫ್‌ನ ಹಕ್ಕು ಸಾಮಾನ್ಯವಾಗಿ ಪ್ರಕಾಶಕರದು.