ಮೂರು ಎಕರೆ ಮಡ್ಡಿಯಲ್ಲಿ ಮಾಡಗ್ಯಾಳ ಕುರಿ: ಸಾಕುವುದು, ಮಾರುವುದು

ಹೊಸದಾಗಿ ಕುರಿ ಮಾಡುವವರು ಬಂದರೆ ಮೊದಲು ಕೇಳುವುದು ಒಂದೇ: "ಅಕ್ಕಾರ, ಎಷ್ಟು ಕುರಿ ತರಲಿ?" ನಾನು ತಿರುಗಿ ಕೇಳುತ್ತೇನೆ: "ಹುಲ್ಲು ಎಷ್ಟೈತಿ?" ನಮ್ಮ ಜತ್ತ ತಾಲೂಕು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿದೆ. ಮನೆಯಲ್ಲಿ ಮಾತಾಡುವುದು ಕನ್ನಡ, ಸಂತೆಯಲ್ಲಿ ಮರಾಠಿ. ಮಳೆ ಕಡಿಮೆ, ಬಂದರೂ ಆಶ್ವೀಜದ ಆಸುಪಾಸು. ಇಂಥ ಮಡ್ಡಿಯಲ್ಲಿ, ಅಂದರೆ ಕಲ್ಲು ಮಿಶ್ರಿತ ಒಣ ನೆಲದಲ್ಲಿ, ಎಕರೆಗೆ 5 ತಾಯಿ ಕುರಿ ಸಾಕು ಅನ್ನುವುದು ನನ್ನ ಲೆಕ್ಕ. ಅದೂ ಬೇಸಿಗೆಗೆ ಜೋಳದ ಕಣಿಕೆ ಕೂಡಿಟ್ಟುಕೊಂಡಿದ್ದರೆ ಮಾತ್ರ. ನನ್ನ 3 ಎಕರೆಗೆ 15 ತಾಯಿ, ಒಂದು ಟಗರು.

ತಳಿ ಮಾಡಗ್ಯಾಳದ್ದು. ಆ ಊರು ನಮ್ಮ ತಾಲೂಕಿನದೇ. ಬಿಳಿ ಮೈ, ಕಂದು ಮಚ್ಚೆ, ಗಿಳಿಯ ಕೊಕ್ಕಿನಂತೆ ಬಾಗಿದ ಮೂಗು, ಉದ್ದ ಕಾಲು, ಜೋಲು ಕಿವಿ. ಮೈಮೇಲೆ ಇರುವುದು ಕೂದಲು, ಉಣ್ಣೆಯಲ್ಲ. ನಮ್ಮ ಹಿರಿಯರ ದಖ್ಖನಿ ಕರಿ ಕುರಿಗೆ ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸಬೇಕಿತ್ತು. ಇದಕ್ಕೆ ಆ ಕೆಲಸವೇ ಇಲ್ಲ, ಬೆಳೆಯುವುದೂ ಬೇಗ. ಆದರೆ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಅವಳಿ ಬೇಕೆಂದು ಫಲಟಣದ ನಾರಿ ಸುವರ್ಣ ಎಂಬ ತಳಿ ತರುವವರಿದ್ದಾರೆ. ಅವಳಿ ಮರಿಗಳಿಗೆ ಹಾಲು ಸಾಲಬೇಕಾದರೆ ತಾಯಿಗೆ ಮೇವು ಜಾಸ್ತಿ ಬೇಕು, ಅಲ್ವಾ? ಮೇವಿನ ದಾರಿ ನೋಡಿಕೊಂಡೇ ತನ್ನಿ.

ಹುಲ್ಲಿನ ಕೆಲಸ ಮಳೆಗೆ ಮೊದಲೇ ಶುರುವಾಗಬೇಕು. ಅಂಜನ ಹುಲ್ಲಿನ ಬೀಜ ಚೆಲ್ಲಿ, ಬದುವಿಗೆ ದಶರಥ ಮತ್ತು ಸುಬಾಬುಲ್ ಎಂಬ ಮೇವಿನ ಗಿಡ ಹಚ್ಚಿ. ಸುಬಾಬುಲ್ ಒಟ್ಟು ಮೇವಿನ ಮೂರರಲ್ಲಿ ಒಂದು ಪಾಲು ಮೀರಬಾರದು, ಅದರಲ್ಲಿ ನಂಜಿನ ಅಂಶವಿದೆ. ಹೊಲವನ್ನು ಬಲೆ ಹಾಕಿ 8 ತುಂಡು ಮಾಡಿ. ಒಂದೊಂದರಲ್ಲಿ 4 ದಿನ ಮೇಯಿಸಿ ಮುಂದಕ್ಕೆ ಹೊಡೆಯಿರಿ. ಮಳೆಗಾಲದಲ್ಲಿ ಹಿಕ್ಕೆಯೊಳಗಿನ ಜಂತಿನ ತತ್ತಿ ಒಡೆದು, ಮತ್ತೆ ಕುರಿಯ ಹೊಟ್ಟೆ ಸೇರುವ ಮರಿಹುಳ ಆಗಲು ಸುಮಾರು 5 ದಿನ ಬೇಕು. ಅಷ್ಟರಲ್ಲಿ ನಿಮ್ಮ ಕುರಿ ಮುಂದಿನ ತುಂಡಿನಲ್ಲಿರಬೇಕು. ಮರಿಹುಳ ಇರುವುದು ಹುಲ್ಲಿನ ಬುಡದಲ್ಲಿ. ಹಾಗಾಗಿ ಬೋಳು ಆಗುವವರೆಗೆ ಮೇಯಿಸಬೇಡಿ, ನಾಲ್ಕು ಬೆರಳು ಬಿಡಿ. ಇಬ್ಬನಿ ಆರಿದ ಮೇಲೆ ದೊಡ್ಡಿ ತೆಗೆಯಿರಿ.

ಔಷಧಿಯನ್ನೂ ಸುಮ್ನೆ ಎಲ್ಲಕ್ಕೂ ಕುಡಿಸಬೇಡಿ. ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಿ. ಒಳಗೆ ಕೆಂಪಗಿದ್ದರೆ ಬಿಡಿ, ಬಿಳಿಚಿದ್ದರೆ ಆ ಕುರಿಗೆ ಮಾತ್ರ ತೂಕ ನೋಡಿ ಕುಡಿಸಿ. ಎಲ್ಲಕ್ಕೂ ಮೇಲಿಂದ ಮೇಲೆ ಕುಡಿಸಿದರೆ ಹುಳ ಔಷಧಿಗೆ ಜಗ್ಗುವುದಿಲ್ಲ. ಕರುಳು ಬೇನೆಯ ಲಸಿಕೆ ಮಳೆಗೆ ಮೊದಲೇ ಆಗಬೇಕು. ಬರಗಾಲದ ಹೊಟ್ಟೆಗೆ ಒಮ್ಮೆಲೇ ಎಳೆ ಹುಲ್ಲು ಬಿದ್ದಾಗಲೇ ಆ ಬೇನೆ ಬರುತ್ತದೆ. ಗಟ್ಟಿಮುಟ್ಟಾದ ಮರಿಯನ್ನೇ ಹೊಡೆಯುತ್ತದೆ. ಪಿಪಿಆರ್ (ಕುರಿ-ಮೇಕೆಗೆ ಬರುವ ಅಂಟುರೋಗ) ಲಸಿಕೆ 4 ತಿಂಗಳು ತುಂಬಿದ ಮರಿಗೆ ಹಾಕಿಸಿ.

ನಮ್ಮ ಕಡೆ ಕುರಿಯನ್ನು ಥಟ್ಟನೆ ಕೊಲ್ಲುವುದು ಎಳೆ ಜೋಳ. ಮೊಣಕಾಲೆತ್ತರಕ್ಕೂ ಬಾರದ ಪೈರು, ಕೊಯ್ದ ಕೂಳೆಯಲ್ಲಿ ಒಡೆದ ಚಿಗುರು, ಮಳೆ ತಪ್ಪಿ ಬಾಡಿದ ಜೋಳ, ಮೂರರಲ್ಲೂ ವಿಷ ಇರುತ್ತದೆ. ಹೊಟ್ಟೆ ಉಬ್ಬರಿಸಿ, ಉಸಿರು ಕಟ್ಟಿ, ಡಾಕ್ಟರ್ ಬರುವುದರೊಳಗೆ ಮುಗಿದಿರುತ್ತದೆ. ಕೂಳೆ ಮೇಯಿಸುವ ಮುಂಚೆ ಹೊಲವನ್ನು ಒಂದು ಸುತ್ತು ನಡೆದು ನೋಡಲೇಬೇಕು. ಚೆನ್ನಾಗಿ ಒಣಗಿದ ಕಣಿಕೆಗೆ ಭಯವಿಲ್ಲ. ಇನ್ನೊಂದು ಮಾತು: ದನದ ಖನಿಜ ಮಿಶ್ರಣ ಕುರಿಗೆ ಹಾಕಬೇಡಿ. ಅದರಲ್ಲಿನ ತಾಮ್ರ ದನಕ್ಕೆ ಒಗ್ಗುತ್ತದೆ, ಕುರಿಗೆ ನಂಜು.

ಟಗರು ಬಿಡುವುದು ಜೂನ್-ಜುಲೈನಲ್ಲಿ. ಅದಕ್ಕೆ ಎರಡು ಮೂರು ವಾರ ಮೊದಲು ತಾಯಿಗಳಿಗೆ ಸ್ವಲ್ಪ ಗೋವಿನಜೋಳ, ಜಾಲಿ ಕಾಯಿ ಕೊಡಿ. ಗಬ್ಬ ಸುಮಾರು 150 ದಿನ, ಅಂದರೆ ಮರಿ ಬೀಳುವುದು ನವೆಂಬರ್-ಡಿಸೆಂಬರ್‌ಗೆ. ಗಬ್ಬದ ಕೊನೆಯ ತಿಂಗಳುಗಳಿಗೆ ಹಸಿರು ಸಿಗುತ್ತದೆ, ಮರಿ ಮೇಯಲು ಕಲಿಯುವಾಗ ಕೊಯ್ಲು ಮುಗಿದು ಕೂಳೆ ಹೊಲ ಮೇಯಿಸಲು ಸಿಗುತ್ತಾ ಬರುತ್ತದೆ. ಹುಟ್ಟಿದ ಗಂಟೆಯೊಳಗೆ ಗಿಣ್ಣದ ಹಾಲು ಕುಡಿಸಿ, ಹೊಕ್ಕುಳಿಗೆ ಅಯೋಡಿನ್ ಹಚ್ಚಿ.

ಇನ್ನು ಮಾರಾಟ. ಮನೆ ಬಾಗಿಲಿಗೆ ಬಂದ ವ್ಯಾಪಾರಿ ಬೆನ್ನು ಹಿಡಿದು ನೋಡಿ ಅಂದಾಜಿಗೆ ಬೆಲೆ ಹೇಳುತ್ತಾನೆ. ಅವನ ಕೈಗೆ ತೂಕ ಗೊತ್ತು, ನಮಗೆ ಗೊತ್ತಿಲ್ಲ. ಒಂದು ತೂಗು ಕಾಟಾ ಕೊಳ್ಳಿ, ಗಿಡಕ್ಕೆ ಕಟ್ಟಿ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ತೂಗಿ. ಜೀವಂತ ತೂಕದ ನೂರಕ್ಕೆ 45ರಷ್ಟು ಮಾಂಸ ಎಂದು ಹಿಡಿಯಿರಿ. ಟಗರು 35 ಕೆಜಿ ಇದ್ದರೆ ಮಾಂಸ 15.75 ಕೆಜಿ. ಅಂಗಡಿಯಲ್ಲಿ ಕೆಜಿಗೆ 800 ರೂಪಾಯಿ ಇದೆ ಅನ್ನಿ, ಆಗ ಮಾಂಸದ ಬೆಲೆಯೇ 12,600. ಕಟುಕರ ಖರ್ಚು, ಲಾಭ ಇದರೊಳಗಿಂದಲೇ ಹೋಗಬೇಕು. ವ್ಯಾಪಾರಿ 8,000 ಅಂದರೆ ಎಲ್ಲಿ ನಿಲ್ಲಬೇಕು ಎಂದು ಈಗ ನಿಮಗೆ ಗೊತ್ತಾಗುತ್ತದೆ. ಆಟಪಾಡಿ, ಸಾಂಗೋಲಾ ಸಂತೆಗೆ ಹೋಗುವಾಗಲೂ ಈ ಲೆಕ್ಕ ಬರೆದ ಚೀಟಿ ಜೇಬಿನಲ್ಲಿರಲಿ.

ಬಕ್ರೀದ್‌ಗೆ ಬೆಲೆ ಬೇರೆ. 2025ರಲ್ಲಿ ಹಬ್ಬ ಜೂನ್ 7ಕ್ಕೆ ಬಂದಿತ್ತು, ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಕೊಳ್ಳುವವರು ಎರಡು ಹಲ್ಲಿನ ಟಗರನ್ನೇ ಹೆಚ್ಚಾಗಿ ಕೇಳುತ್ತಾರೆ, ಅಂದರೆ ವರ್ಷ ದಾಟಿರಬೇಕು. ಕುಂಟು, ಕಣ್ಣಿನ ದೋಷ, ಕತ್ತರಿಸಿದ ಕಿವಿ ಇದ್ದರೆ ಬಿಟ್ಟು ಹೋಗುತ್ತಾರೆ. ಆದ್ದರಿಂದ ಗುರುತಿಗೆಂದು ಕಿವಿ ಕತ್ತರಿಸಬೇಡಿ, ಬಣ್ಣ ಹಚ್ಚಿ. ಇಂಥ ನಾಲ್ಕೈದು ಗಂಡು ಮರಿಯನ್ನಷ್ಟೇ ಉಳಿಸಿಕೊಳ್ಳಿ. ಉಳಿದ ಗಂಡು ಮರಿಗಳನ್ನು ಬೇಸಿಗೆ ಬಲಿಯುವ ಮುಂಚೆ ಮಾರಿ. ಏಪ್ರಿಲ್-ಮೇನಲ್ಲಿ ಕಣಿಕೆ ಕೊಂಡು ಹಾಕಿದರೆ ಸಿಕ್ಕ ಲಾಭವೆಲ್ಲ ಗ್ವಾದಲಿಗೇ ಹೋಗುತ್ತದೆ. ಹಲ್ಲು ಸವೆದ ಮುದಿ ತಾಯಿ, ಟಗರು ಬಿಟ್ಟರೂ ಗಬ್ಬ ನಿಲ್ಲದ ಕುರಿಯನ್ನೂ ಆಗಲೇ ಕಳಿಸಿ. ಹುಳದ ಔಷಧಿ ಕುಡಿಸಿದ್ದರೆ ಬಾಟಲಿ ಮೇಲೆ ಬರೆದಷ್ಟು ದಿನ ಕಳೆದ ಮೇಲೆಯೇ ಮಾರಿ, ತಿನ್ನುವವರು ನಮ್ಮಂಥ ಮನುಷ್ಯರೇ.

ಎರಡು ವರ್ಷಕ್ಕೊಮ್ಮೆ ಟಗರು ಬದಲಿಸಿ, ಇಲ್ಲದಿದ್ದರೆ ಅದು ತನ್ನ ಮರಿಗಳ ಮೇಲೆಯೇ ಹೋಗುತ್ತದೆ. ಬೇರೆ ಊರಿನ ಹಿಂಡಿನದ್ದು ತನ್ನಿ. ತಂದ ಮೇಲೆ ಮೂರು ವಾರ ಬೇರೆ ಕಟ್ಟಿ, ಕೆಮ್ಮು, ಮೂಗಿನ ಸೋರಿಕೆ ಇಲ್ಲ ಎಂದು ನೋಡಿಕೊಂಡೇ ಹಿಂಡಿಗೆ ಬಿಡಿ.